ಒಬ್ಬರೇ ಉಜ್ಬೆಕಿಸ್ತಾನಕ್ಕೆ: ಕಾಸರಗೋಡಿನಿಂದ ಹೊರಡುವವರಿಗೆ

ನಾನು ಒಬ್ಬಳೇ ಉಜ್ಬೆಕಿಸ್ತಾನ ಸುತ್ತಿ ಬಂದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ, ಕುಂಬಳೆಯ ಬಸ್ ನಿಲ್ದಾಣದಲ್ಲಿ, ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಅವೇ ನಾಲ್ಕು ಪ್ರಶ್ನೆಗಳು ಎದುರಾಗುತ್ತಿವೆ. ವೀಸಾ ಹೇಗೆ ಸಿಕ್ಕಿತು? ಮಾಂಸ ತಿನ್ನದವರು ಅಲ್ಲಿ ಏನು ತಿನ್ನುತ್ತಾರೆ? ಭಾಷೆ ಬಾರದೆ ಹೇಗೆ ನಿಭಾಯಿಸಿದಿರಿ? ಹೆದರಿಕೆ ಆಗಲಿಲ್ಲವೇ? ಕೇಳುವವರಲ್ಲಿ ಹೆಚ್ಚಿನವರು ನಿಜವಾಗಿಯೂ ಹೊರಡಬೇಕೆಂದಿರುವವರು. ಅವರಿಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆ ದೂರವಾಗಬೇಕು. ನಮ್ಮ ಜಿಲ್ಲೆಯಲ್ಲಿ ವಿದೇಶ ಎಂದರೆ ಗಲ್ಫ್. ಅಲ್ಲಿ ವಿಮಾನ ಇಳಿದರೆ ಕರೆದೊಯ್ಯಲು ಊರಿನವರೊಬ್ಬರು ಬಂದಿರುತ್ತಾರೆ, ಮಲಯಾಳದಲ್ಲಿ ಮಾತನಾಡಿದರೆ ಟ್ಯಾಕ್ಸಿ ಸಿಗುತ್ತದೆ, ಅಂಗಡಿಯಲ್ಲಿ ಕುಚ್ಚಲಕ್ಕಿಯೂ ಸಿಗುತ್ತದೆ. ಉಜ್ಬೆಕಿಸ್ತಾನದಲ್ಲಿ ಇದೊಂದೂ ಇಲ್ಲ. ಅಲ್ಲಿ ನೀವು ನಿಜವಾಗಿಯೂ ಒಬ್ಬರೇ. ಒಬ್ಬರೇ ಎಂದರೆ ಮರೆತದ್ದನ್ನು ನೆನಪಿಸಲು ಎರಡನೆಯ ತಲೆ ಇಲ್ಲ. ಚೀಲ ನೋಡಿಕೊಳ್ಳಲು, ಸುಸ್ತಾದಾಗ ‘ಇವತ್ತಿಗೆ ಸಾಕು’ ಎನ್ನಲು ಜತೆಗಾರರಿಲ್ಲ. ಆ ಎರಡನೆಯ ತಲೆಯ ಕೆಲಸವನ್ನು ಮನೆಯಲ್ಲಿ ಕುಳಿತೇ, ಕಾಗದದ ಮೇಲೆ ಮುಗಿಸಿದರೆ ಪ್ರಯಾಣ ಹಗುರಾಗುತ್ತದೆ. ಕೆಳಗಿನ ಹಂತಗಳಲ್ಲಿ ಅರ್ಧಕ್ಕರ್ಧ ಮನೆ ಬಿಡುವ ಮುಂಚಿನವು ಆಗಿರುವುದು ಇದೇ ಕಾರಣಕ್ಕೆ.

1. ಕಾಲ ನೋಡಿ ಹೊರಡಿ

ಉಜ್ಬೆಕಿಸ್ತಾನಕ್ಕೆ ಕಡಲಿಲ್ಲ. ಅದರ ಸುತ್ತಲಿನ ಯಾವ ದೇಶಕ್ಕೂ ಸಾಗರದ ದಂಡೆಯಿಲ್ಲ. ಹಾಗಾಗಿ ಬೇಸಿಗೆ ಸುಡುತ್ತದೆ, ಚಳಿಗಾಲ ಕೊರೆಯುತ್ತದೆ. ನಮ್ಮಲ್ಲಿ ಆಟಿ ತಿಂಗಳಿಗೊಂದು ಹೆಸರಿದ್ದಂತೆ ಅವರಲ್ಲಿ ಬೇಸಿಗೆಯ ಅತಿ ಬಿಸಿಯ ನಲವತ್ತು ದಿನಗಳಿಗೆ ‘ಚಿಲ್ಲಾ’ ಎಂಬ ಹೆಸರಿದೆ. ಜೂನ್ 25ರಿಂದ ಆಗಸ್ಟ್ 5ರವರೆಗೆ ಅದರ ಅವಧಿ. ಆಗ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಆ ದಿನಗಳಲ್ಲಿ ಮರುಭೂಮಿಗೆ ಹೋಗಲೇಬೇಡಿ.

ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ, ಮತ್ತೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಒಳ್ಳೆಯ ಕಾಲ. ಶಾಲೆಯಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಏಪ್ರಿಲ್ ರಜೆ ತಾನಾಗಿಯೇ ಹೊಂದುತ್ತದೆ. ಓಣಂ ರಜೆ ಆಗಸ್ಟಿನಲ್ಲಿ ಬಂದ ವರ್ಷ ಬೇಡ.

2. ಪಾಸ್‌ಪೋರ್ಟ್: ಹೆಸರಿನ ಕಗ್ಗಂಟು

ಕಾಸರಗೋಡು ಜಿಲ್ಲೆಯವರು ಕೋಝಿಕ್ಕೋಡಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಅರ್ಜಿ ಸಲ್ಲಿಸಲು ಪಯ್ಯನ್ನೂರಿನ ಸೇವಾ ಕೇಂದ್ರವಿದೆ, ಕಾಸರಗೋಡಿನ ಅಂಚೆ ಕಚೇರಿಯಲ್ಲೂ ಸೇವಾ ಕೇಂದ್ರವಿದೆ. ಇದರಲ್ಲಿ ಕಷ್ಟವೇನಿಲ್ಲ. ಕಷ್ಟ ಇರುವುದು ನಮ್ಮ ಹೆಸರುಗಳಲ್ಲಿ.

ಗಡಿನಾಡಿನ ನಮಗೆ ಒಂದೇ ಹೆಸರು ಮೂರು ಬಗೆಯಲ್ಲಿ ಬರೆಯಲ್ಪಟ್ಟಿರುತ್ತದೆ. ಶಾಲೆಯ ದಾಖಲೆಯಲ್ಲಿ ಕನ್ನಡದ ಉಚ್ಚಾರಕ್ಕೆ ತಕ್ಕ ಇಂಗ್ಲಿಷ್ ಅಕ್ಷರ, ಗುರುತಿನ ಚೀಟಿಯಲ್ಲಿ ಮಲಯಾಳದಿಂದ ಲಿಪ್ಯಂತರಗೊಂಡ ಇನ್ನೊಂದು ರೂಪ, ಬ್ಯಾಂಕಿನಲ್ಲಿ ಇನಿಶಿಯಲ್ ಹಿಂದೆಮುಂದಾದ ಮತ್ತೊಂದು. ಮಂಜೇಶ್ವರ ಒಂದು ಕಡೆ ‘ಮಂಜೇಶ್ವರ್’, ಇನ್ನೊಂದು ಕಡೆ ‘ಮಂಜೇಶ್ವರಂ’. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುನ್ನ ಹತ್ತನೆಯ ತರಗತಿಯ ಪ್ರಮಾಣಪತ್ರ ಮತ್ತು ಆಧಾರ್ ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವಂತೆ ಸರಿಪಡಿಸಿಕೊಳ್ಳಿ. ಇನಿಶಿಯಲ್ ಇದ್ದರೆ ಅದನ್ನು ಬಿಡಿಸಿ ಬರೆಸಿ.

ಇನ್ನೊಂದು ಸಂಗತಿ: ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ. ಹಳೆಯ ಪಾಸ್‌ಪೋರ್ಟ್ ಇದ್ದವರು ಈಗಲೇ ತೆಗೆದು ನೋಡಿ. ಕೆಲವು ದೇಶಗಳು ಒಂಟಿ ಹೆಸರಿನವರಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ. ಗಲ್ಫ್ ಮಾರ್ಗವಾಗಿ ಹೋಗಿ ನಡುವೆ ಇಳಿಯುವ ಯೋಚನೆ ಇದ್ದರೆ ಇದು ಅಡ್ಡಿಯಾದೀತು. ಹೆಸರನ್ನು ವಿಂಗಡಿಸಿ ಬರೆಸಲು ಪಾಸ್‌ಪೋರ್ಟಿನ ಮರುವಿತರಣೆಗೆ ಅರ್ಜಿ ಹಾಕಬೇಕು. ವಾಯಿದೆ ಮುಗಿಯಲು ಕನಿಷ್ಠ ಆರು ತಿಂಗಳು ಬಾಕಿ ಇರಲಿ, ಎರಡು ಪುಟವಾದರೂ ಖಾಲಿ ಇರಲಿ.

‘ಇಸಿಆರ್’ ಮುದ್ರೆಯ ಬಗ್ಗೆಯೂ ಕೇಳುತ್ತಾರೆ. ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿಗೆ ಬೀಳುವ ಈ ಮುದ್ರೆಯ ಅರ್ಥ, ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ಒಪ್ಪಿಗೆ ಬೇಕು ಎಂದು. ಗಲ್ಫ್ ದೇಶಗಳು ಆ ಪಟ್ಟಿಯಲ್ಲಿವೆ, ಉಜ್ಬೆಕಿಸ್ತಾನ ಇಲ್ಲ.

3. ಇ-ವೀಸಾ

ಭಾರತೀಯರಿಗೆ ವೀಸಾ ಬೇಕು. ರಾಯಭಾರ ಕಚೇರಿಗೆ ಅಲೆಯಬೇಕಾಗಿಲ್ಲ, ಜಾಲತಾಣದಲ್ಲೇ ಅರ್ಜಿ. ಒಂದು ಬಾರಿ ಪ್ರವೇಶದ, 30 ದಿನಗಳ ವೀಸಾಕ್ಕೆ 20 ಡಾಲರ್. ಮೂರು ಕೆಲಸದ ದಿನಗಳಲ್ಲಿ ಬರುತ್ತದೆ ಎನ್ನುತ್ತಾರೆ. ನೀವು ಎರಡು ವಾರ ಮುಂಚೆಯೇ ಹಾಕಿ.

ಎಚ್ಚರಿಕೆ ಎರಡು. ಒಂದು, ಹುಡುಕಿದಾಗ ಮೊದಲು ಕಾಣುವ ತಾಣಗಳು ಹೆಚ್ಚಾಗಿ ಮಧ್ಯವರ್ತಿಗಳದ್ದು. 20 ಡಾಲರ್ ಕೆಲಸಕ್ಕೆ ಮೂರು ಪಟ್ಟು, ನಾಲ್ಕು ಪಟ್ಟು ಕೀಳುತ್ತಾರೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಯುಝೆಡ್’ (gov.uz) ಇದ್ದರೆ ಮಾತ್ರ ಅದು ಸರಕಾರದ ತಾಣ. ಎರಡು, ಹೆಸರು ತುಂಬುವಾಗ ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ತಲೆಯಂಥ ಗುರುತುಗಳಿರುವ ಎರಡು ಸಾಲುಗಳನ್ನು ನೋಡಿಕೊಳ್ಳಿ. ಗಡಿಯಲ್ಲಿ ಯಂತ್ರ ಓದುವುದು ಆ ಸಾಲುಗಳನ್ನೇ. ಮೊದಲ ಸಾಲಿನಲ್ಲಿ ದೇಶದ ಸಂಕೇತದ ನಂತರ ಬರುವುದು ಕುಲನಾಮ, ಜೋಡಿ ಬಾಣದ ಬಳಿಕ ನಿಮ್ಮ ಹೆಸರು. ಅಲ್ಲಿ ಹೇಗಿದೆಯೋ ಹಾಗೆಯೇ ತುಂಬಿ. ನಾನು ಮೊದಲ ಬಾರಿ ಮನೆಹೆಸರನ್ನು ಮುಂದೆ ಹಾಕಿ ಕಳುಹಿಸಿಬಿಟ್ಟಿದ್ದೆ. ಮತ್ತೆ ಹಣ ಕಟ್ಟಿ ಹೊಸ ಅರ್ಜಿ ಹಾಕಬೇಕಾಯಿತು.

ವೀಸಾ, ಹೋಗಿಬರುವ ಟಿಕೆಟ್, ಮೊದಲ ಎರಡು ರಾತ್ರಿಯ ವಸತಿ, ಪ್ರವಾಸ ವಿಮೆ ಇವುಗಳ ಮುದ್ರಿತ ಪ್ರತಿ ಮೂರು ಮೂರು ಇರಲಿ. ಒಂದು ಪ್ರತಿ ಚೀಲದಲ್ಲಿ, ಇನ್ನೊಂದು ಮೈಮೇಲೆ. ಮೂರನೆಯದನ್ನು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು, ಯಾವ ದಿನ ಯಾವ ಊರು ಎಂಬ ಪಟ್ಟಿಯನ್ನೂ ಜತೆಗಿಡಿ.

4. ಹಣ

ಅಲ್ಲಿನ ನಾಣ್ಯ ‘ಸೋಮ್’. ಒಂದು ಡಾಲರಿಗೆ ಸುಮಾರು 12 ಸಾವಿರ ಸೋಮ್. ನಮ್ಮ ಲೆಕ್ಕದಲ್ಲಿ 10 ಸಾವಿರ ಸೋಮ್ ಎಂದರೆ 70–75 ರೂಪಾಯಿ. ಹೊರಡುವ ದಿನದ ದರ ನೋಡಿ ಒಂದು ಸಣ್ಣ ಕೋಷ್ಟಕ ಬರೆದು ಮೊಬೈಲಿನ ಹಿಂಬದಿಗೆ ಅಂಟಿಸಿಕೊಳ್ಳಿ. ಸೊನ್ನೆಗಳು ಕಣ್ಣು ಕಟ್ಟುತ್ತವೆ. 5 ಸಾವಿರದ ನೋಟಿಗೂ 50 ಸಾವಿರದ ನೋಟಿಗೂ ಟ್ಯಾಕ್ಸಿಯ ಮಂದ ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ದೊಡ್ಡ ನೋಟು ಒಂದು ಜೇಬಿನಲ್ಲಿ, ಸಣ್ಣವು ಇನ್ನೊಂದರಲ್ಲಿ ಇರಲಿ.

ರೂಪಾಯಿ ಅಲ್ಲಿ ನಡೆಯುವುದಿಲ್ಲ. ಅಮೆರಿಕನ್ ಡಾಲರ್ ಒಯ್ಯಿರಿ. ಒಂದು ಪ್ರಯಾಣಕ್ಕೆ 3,000 ಡಾಲರ್ ವರೆಗೆ ನೋಟಿನ ರೂಪದಲ್ಲಿ ಕೊಂಡೊಯ್ಯಲು ಅವಕಾಶವಿದೆ, ನಿಮಗೆ ಅಷ್ಟು ಬೇಕಾಗುವುದಿಲ್ಲ. ಕೊಳ್ಳುವಾಗ ಹೊಸ ನೋಟುಗಳನ್ನೇ ಕೇಳಿ ಪಡೆಯಿರಿ. ಮಡಚಿದ, ಶಾಯಿ ತಾಗಿದ, ಅಂಚು ಹರಿದ ಡಾಲರನ್ನು ಅಲ್ಲಿ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಬದಲಾಯಿಸುವುದು ಬ್ಯಾಂಕಿನಲ್ಲೇ ಆಗಲಿ, ಬಜಾರಿನಲ್ಲಿ ಕರೆದವರ ಬಳಿ ಬೇಡ.

ಕಾರ್ಡಿನ ವಿಚಾರದಲ್ಲಿ ನಮ್ಮವರು ಎಡವುವುದೇ ಹೆಚ್ಚು. ಭಾರತದ ಕಾರ್ಡುಗಳಲ್ಲಿ ವಿದೇಶದ ಬಳಕೆ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಊರಿನ ಸಹಕಾರಿ ಬ್ಯಾಂಕಿನ ಖಾತೆಯೊಂದೇ ಇದ್ದರೆ ಸಾಲದು. ಮಾಸ್ಟರ್‌ಕಾರ್ಡ್ ಅಥವಾ ‘ವೀಸಾ’ ಹೆಸರಿನ ಕಾರ್ಡ್ ಕೊಡುವ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ಬೇಕು. ಒಟಿಪಿ ಬರುವುದು ನಿಮ್ಮ ಊರಿನ ಸಿಮ್‌ಗೆ. ಆದ್ದರಿಂದ ಹೊರಡುವ ಮೊದಲೇ ಆ ಸಿಮ್‌ಗೆ ರೋಮಿಂಗ್ ಹಾಕಿಸಿ, ಅಲ್ಲಿ ತೆಗೆದು ಬಿಸಾಡಬೇಡಿ.

5. ದಾರಿ: ದೂರದ ಊರು ಮೊದಲು

ದೆಹಲಿಯಿಂದ ತಾಷ್ಕೆಂಟ್‌ಗೆ ಸುಮಾರು ಮೂರು ಗಂಟೆಯ ಹಾರಾಟ. ನಾವು ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ದೆಹಲಿಗೆ ಹೋಗಿ ಅಲ್ಲಿ ವಿಮಾನ ಬದಲಿಸಬೇಕು. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ನಡುವೆ ಆರು ಗಂಟೆಯಾದರೂ ಇರಲಿ. ಮಳೆಗಾಲದಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಾಗುವ ವಿಳಂಬವನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ.

ಹತ್ತು ದಿನ ಇದ್ದರೆ ನಾನು ಹೇಳುವ ಕ್ರಮ ಹೀಗೆ: ತಾಷ್ಕೆಂಟಿನಲ್ಲಿ ಒಂದು ದಿನ ಸುಧಾರಿಸಿಕೊಳ್ಳಿ. ಆಮೇಲೆ ಅತಿ ದೂರದ ಖೀವಾಕ್ಕೆ ಹೋಗಿ ಎರಡು ದಿನ, ಅಲ್ಲಿಂದ ಬುಖಾರಾದಲ್ಲಿ ಮೂರು, ಮರುಭೂಮಿಯಲ್ಲಿ ಒಂದು ರಾತ್ರಿ, ಸಮರ್ಕಂದದಲ್ಲಿ ಎರಡು, ಕೊನೆಗೆ ತಾಷ್ಕೆಂಟ್. ಹೆಚ್ಚಿನವರು ಸಮರ್ಕಂದದಿಂದ ಆರಂಭಿಸಿ ಖೀವಾಕ್ಕೆ ಮುಟ್ಟುವಷ್ಟರಲ್ಲಿ ದಣಿದಿರುತ್ತಾರೆ, ಮರಳಲು ಸಾವಿರ ಕಿಲೋಮೀಟರ್ ಬಾಕಿ ಇರುತ್ತದೆ. ಜತೆಗಾರರಿಲ್ಲದವರಿಗೆ ದಿನ ಕಳೆದಂತೆ ವಿಮಾನ ನಿಲ್ದಾಣ ಹತ್ತಿರವಾಗುತ್ತಾ ಬರುವುದು ದೊಡ್ಡ ನೆಮ್ಮದಿ.

ಖೀವಾಕ್ಕೆ ತಾಷ್ಕೆಂಟಿನಿಂದ ರಾತ್ರಿ ರೈಲಿದೆ. ಇಲ್ಲವಾದರೆ ಉರ್ಗೆಂಚ್‌ವರೆಗೆ ವಿಮಾನ, ಅಲ್ಲಿಂದ 35 ಕಿಲೋಮೀಟರಿನಷ್ಟು ರಸ್ತೆ. ಖೀವಾದಿಂದ ಬುಖಾರಾ 450 ಕಿಲೋಮೀಟರಿನ ಹತ್ತಿರ, ದಾರಿಯುದ್ದಕ್ಕೂ ಕಿಜಿಲ್‌ಕುಮ್ ಮರುಭೂಮಿ. ಬುಖಾರಾ, ಸಮರ್ಕಂದ, ತಾಷ್ಕೆಂಟ್ ನಡುವೆ ‘ಅಫ್ರೋಸಿಯೋಬ್’ ಎಂಬ ವೇಗದ ರೈಲು ಓಡುತ್ತದೆ; ಸಮರ್ಕಂದದಿಂದ ತಾಷ್ಕೆಂಟಿಗೆ ಎರಡು ಗಂಟೆ ಚಿಲ್ಲರೆ. ಇದರ ಟಿಕೆಟ್ ಬೇಗ ಮುಗಿಯುತ್ತದೆ, ವಾರಗಳ ಮೊದಲೇ ಅಧಿಕೃತ ರೈಲ್ವೆ ತಾಣದಲ್ಲಿ ಕಾದಿರಿಸಿ.

ರೈಲಿನಲ್ಲಿ ಎಡವುವ ಜಾಗಗಳು: ತಾಷ್ಕೆಂಟಿನಲ್ಲಿ ದೊಡ್ಡ ನಿಲ್ದಾಣಗಳು ಎರಡು, ಉತ್ತರ ಮತ್ತು ದಕ್ಷಿಣ. ಟಿಕೆಟಿನಲ್ಲಿ ಯಾವುದಿದೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಬುಖಾರಾದ ನಿಲ್ದಾಣ ಇರುವುದು ಹಳೆಯ ನಗರದಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆ, ಕಾಗಾನ್ ಎಂಬಲ್ಲಿ. ನಿಲ್ದಾಣದ ಬಾಗಿಲಲ್ಲೇ ಪಾಸ್‌ಪೋರ್ಟ್ ನೋಡಿ ಚೀಲ ತಪಾಸಣೆ ಮಾಡುತ್ತಾರೆ, ಆದ್ದರಿಂದ ಮುಕ್ಕಾಲು ಗಂಟೆ ಮೊದಲೇ ಅಲ್ಲಿರಿ. ನಮ್ಮ ಕಾಸರಗೋಡು ನಿಲ್ದಾಣದಲ್ಲಿ ರೈಲಿನ ಸದ್ದು ಕೇಳಿದ ಮೇಲೆ ಓಡಿ ಹತ್ತುವ ಅಭ್ಯಾಸ ಅಲ್ಲಿ ನಡೆಯದು.

6. ಚೀಲ

ನೀವೊಬ್ಬರೇ ಎತ್ತಿ ಎರಡು ಮಹಡಿ ಹತ್ತಲಾಗದ ಚೀಲ ನಿಮ್ಮ ಚೀಲವಲ್ಲ. ಎಂಟು ಕಿಲೋ ಸಾಕು.

ಔಷಧದ ವಿಷಯ ಗಂಭೀರ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ರೆಯ ಮಾತ್ರೆ ಇಂಥವುಗಳ ಮೇಲೆ ಉಜ್ಬೆಕಿಸ್ತಾನದಲ್ಲಿ ಕಟ್ಟುನಿಟ್ಟಾದ ನಿರ್ಬಂಧವಿದೆ. ಅಪರಾಧದ ಪ್ರಕರಣವೇ ಆಗಬಹುದು. ನಿತ್ಯದ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ ಇಟ್ಟು, ವೈದ್ಯರ ಚೀಟಿ ಇಂಗ್ಲಿಷಿನಲ್ಲಿ ಜತೆಗಿರಲಿ. ಮನೆಯಲ್ಲಿ ಪುಡಿ ಮಾಡಿದ ಕಷಾಯದ ಹುಡಿ, ಹೆಸರಿಲ್ಲದ ಲೇಹ್ಯ, ಅಡಿಕೆ, ವೀಳ್ಯದೆಲೆ ಬೇಡ. ಅವು ಏನೆಂದು ಭಾಷೆ ಬಾರದ ಕಡೆ ಸುಂಕದ ಅಧಿಕಾರಿಗೆ ವಿವರಿಸುವುದು ಸುಲಭವಲ್ಲ. ಡ್ರೋನ್ ಕ್ಯಾಮೆರಾ ಒಯ್ಯಲೇಬಾರದು, ನಿಷೇಧವಿದೆ.

ಒಯ್ಯಬೇಕಾದದ್ದು: ತೆಳುವಾದ ಬೈರಾಸು (ಟವೆಲು) ಎರಡು. ತಲೆಗೆ ಸುತ್ತಲು, ಧೂಳಿಗೆ ಮೂಗು ಮುಚ್ಚಲು, ಮಸೀದಿಯೊಳಗೆ ತಲೆ ಮುಚ್ಚಲು, ರೈಲಿನಲ್ಲಿ ಹೊದೆಯಲು ಅದಕ್ಕಿಂತ ಒಳ್ಳೆಯ ಬಟ್ಟೆ ನನಗೆ ಸಿಕ್ಕಿಲ್ಲ. ಒಂದು ಸಣ್ಣ ಡಬ್ಬಿ ತೆಂಗಿನೆಣ್ಣೆ. ಒಣಹವೆಗೆ ಕರಾವಳಿಯವರ ತುಟಿ ಎರಡೇ ದಿನದಲ್ಲಿ ಒಡೆಯುತ್ತದೆ, ಮೂಗಿನಲ್ಲಿ ರಕ್ತವೂ ಬರಬಹುದು. ರಾತ್ರಿ ಮಲಗುವಾಗ ಮೂಗಿನ ಒಳಬದಿಗೆ ಬೆರಳಿನಿಂದ ಸವರಿಕೊಳ್ಳಿ. ಓಆರ್‌ಎಸ್ ಪೊಟ್ಟಣ ಹತ್ತು. ಅವಲಕ್ಕಿ, ಬೆಲ್ಲ, ಚಟ್ನಿಪುಡಿ. ಒಂದು ಉಣ್ಣೆಯ ಅಂಗಿ, ಏಪ್ರಿಲ್ ಆದರೂ.

ಮೊಬೈಲಿನಲ್ಲಿ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಟೆಲಿಗ್ರಾಂ ಖಾತೆಯನ್ನು ಊರಿನಲ್ಲಿರುವಾಗಲೇ ತೆರೆಯಿರಿ. ಅಲ್ಲಿನ ವಸತಿಗೃಹದವರು, ಚಾಲಕರು ಉತ್ತರಿಸುವುದು ಅದರಲ್ಲೇ.

7. ಇಳಿದ ದಿನ

ಗಡಿಯಾರವನ್ನು ಅರ್ಧ ಗಂಟೆ ಹಿಂದೆ ಇಡಿ. ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ಸಿಮ್ ಕೊಳ್ಳಿ. ಹೊರಗೆ ಬಂದ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ‘ಯಾಂಡೆಕ್ಸ್ ಗೋ’ ಆ್ಯಪ್‌ನಲ್ಲಿ ಕರೆದರೆ ದರ ಮೊದಲೇ ಕಾಣುತ್ತದೆ, ಚೌಕಾಸಿ ಇಲ್ಲ.

ಇನ್ನು ಅತಿ ಮುಖ್ಯವಾದದ್ದು ‘ನೋಂದಣಿ’. ದೇಶಕ್ಕೆ ಬಂದ ಮೂರು ಕೆಲಸದ ದಿನಗಳೊಳಗೆ ಪ್ರತಿಯೊಬ್ಬ ವಿದೇಶೀಯನೂ ಎಲ್ಲಿ ತಂಗಿದ್ದಾನೆಂಬುದು ಸರಕಾರದ ದಾಖಲೆಗೆ ಸೇರಬೇಕು. ವಸತಿಗೃಹದವರು ಇದನ್ನು ತಾವೇ ಮಾಡಿ ಒಂದು ಚೀಟಿ ಕೊಡುತ್ತಾರೆ. ಪ್ರತಿ ಊರಿನಲ್ಲೂ ಚೀಟಿ ಕೇಳಿ ಪಡೆದು ಪಾಸ್‌ಪೋರ್ಟಿನ ಜತೆ ಇಟ್ಟುಕೊಳ್ಳಿ. ಯಾರದ್ದೋ ಮನೆಯಲ್ಲಿ ಪ್ರೀತಿಯಿಂದ ಉಳಿಸಿಕೊಂಡರೆ ಈ ಚೀಟಿ ಸಿಗುವುದಿಲ್ಲ, ಮನೆಯವರು ಬೇರೆಯಾಗಿ ನೋಂದಣಿ ಮಾಡಿಸಬೇಕು. ರಾತ್ರಿ ರೈಲಿನಲ್ಲಿ ಕಳೆದಿದ್ದರೆ ಆ ಟಿಕೆಟನ್ನೇ ಜೋಪಾನ ಮಾಡಿ. ಮರುಭೂಮಿಯ ಡೇರೆಯವರನ್ನು ಚೀಟಿ ಕೊಡುತ್ತೀರಾ ಎಂದು ಕಾದಿರಿಸುವಾಗಲೇ ಕೇಳಿ.

ತಾಷ್ಕೆಂಟಿನಲ್ಲಿ ಸಮಯವಿದ್ದರೆ ಲಾಲ್ ಬಹಾದೂರ್ ಶಾಸ್ತ್ರಿಯವರ ಪ್ರತಿಮೆಯ ಬಳಿ ಹೋಗಿ ಬನ್ನಿ. ಅವರು ತೀರಿಕೊಂಡದ್ದು ಇದೇ ಊರಿನಲ್ಲಿ, 1966ರ ಜನವರಿ 11ರಂದು. ಅವರ ಹೆಸರಿನ ಬೀದಿಯೂ ಅಲ್ಲಿದೆ.

8. ಹಳೆಯ ನಗರಗಳಲ್ಲಿ

ಮೂರು ಊರುಗಳನ್ನೂ ಒಂದೇ ರೀತಿ ನೋಡಬೇಡಿ. ಖೀವಾದ ಒಳಕೋಟೆ ‘ಇಚಾನ್ ಕಲಾ’ ಸಣ್ಣದು, ಮಣ್ಣಿನ ಗೋಡೆಯೊಳಗೆ ನಾಲ್ಕು ಬಾಗಿಲು. ಅಲ್ಲಿ ದಾರಿ ತಪ್ಪಿದರೂ ಹದಿನೈದು ನಿಮಿಷದಲ್ಲಿ ಯಾವುದಾದರೊಂದು ಬಾಗಿಲು ಸಿಗುತ್ತದೆ. ಒಬ್ಬರೇ ತಿರುಗುವುದನ್ನು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಊರಿಲ್ಲ. ಗೋಡೆಯೊಳಗೇ ಕೋಣೆ ಹಿಡಿಯಿರಿ. ಪ್ರವಾಸಿಗಳ ಬಸ್ಸುಗಳು ಹೋದ ಮೇಲಿನ ಸಂಜೆ ಮತ್ತು ಅವು ಬರುವ ಮುಂಚಿನ ಬೆಳಗ್ಗೆ ನಿಮ್ಮದಾಗುತ್ತವೆ.

ಬುಖಾರಾದಲ್ಲಿ ನಿಧಾನವಾಗಿರಿ. 1127ರಲ್ಲಿ ಕಟ್ಟಿದ, ಸುಮಾರು 47 ಮೀಟರ್ ಎತ್ತರದ ಕಲ್ಯಾನ್ ಮಿನಾರು ಓಣಿಗಳ ನಡುವೆ ಅಲ್ಲಲ್ಲಿ ತಲೆ ಎತ್ತಿ ಕಾಣುತ್ತದೆ. ಅದನ್ನು ಗುರುತಾಗಿಟ್ಟುಕೊಂಡರೆ ನಕ್ಷೆ ಬೇಕಾಗದು. ಊರಿನ ನಡುವೆ ‘ಲ್ಯಾಬಿ ಹೌಜ್’ ಎಂಬ ಮೆಟ್ಟಿಲುಗಳ ಕೊಳವಿದೆ. ಮಧೂರಿನಲ್ಲೋ ಅನಂತಪುರದಲ್ಲೋ ಕೆರೆಯ ದಂಡೆಯಲ್ಲಿ ಕುಳಿತು ಅಭ್ಯಾಸವಿರುವ ನಮಗೆ ಅಲ್ಲಿನ ಹಿಪ್ಪುನೇರಳೆ ಮರದ ನೆರಳು ಒಗ್ಗುತ್ತದೆ.

ಸಮರ್ಕಂದ ಮಾತ್ರ ದೊಡ್ಡ ನಗರ. ಸ್ಮಾರಕಗಳ ನಡುವೆ ಅಗಲ ರಸ್ತೆಗಳಿವೆ. ರೆಗಿಸ್ತಾನ್ ಚೌಕದ ಮೂರು ಮದರಸಾಗಳಲ್ಲಿ ಹಳೆಯದು 1420ರ ಹೊತ್ತಿಗೆ ಮುಗಿದ ಉಲುಗ್‌ಬೇಗನದ್ದು. ಇದೇ ದೊರೆ ಊರ ಹೊರಗಿನ ಗುಡ್ಡದಲ್ಲಿ ವೀಕ್ಷಣಾಲಯ ಕಟ್ಟಿಸಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಗುರುತಿಸಿದವನು. ನೆಲದೊಳಗೆ ಉಳಿದಿರುವ ಅದರ ಕಲ್ಲಿನ ಕಮಾನನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ.

ಭಾಷೆಗೆ ಹೆದರುವುದು ಬೇಡ. ತುಳು ಮಾತನಾಡುವ ನೆರೆಮನೆ, ಮಲಯಾಳದ ಪಂಚಾಯತು ಕಚೇರಿ, ಕೊಂಕಣಿಯ ಅಂಗಡಿ, ಬ್ಯಾರಿ ಭಾಷೆಯ ಮೀನಿನವರು, ಇಷ್ಟರ ನಡುವೆ ಬೆಳೆದ ಕಾಸರಗೋಡಿನವರಿಗೆ ಅರ್ಧ ಅರ್ಥವಾದ ಮಾತಿನಲ್ಲೇ ವ್ಯವಹಾರ ಮುಗಿಸುವುದು ಗೊತ್ತು. ಅಲ್ಲಿ ಉಜ್ಬೆಕ್ ಮತ್ತು ರಷ್ಯನ್ ನಡೆಯುತ್ತವೆ. ಬೊಜೋರ್, ದರ್ವೋಜಾ, ದಫ್ತರ್ ಎಂಬ ಮಾತು ಕಿವಿಗೆ ಬಿದ್ದಾಗ ನಮ್ಮ ಬಜಾರು, ದರವಾಜು, ದಫ್ತರುಗಳೇ ಎಂದು ತಿಳಿಯುತ್ತದೆ. ಆದರೆ ಒಂದು ಮಾತು ನೆನಪಿರಲಿ: ಅವರ ‘ಅಕಾ’ ಎಂದರೆ ಅಣ್ಣ, ಅಕ್ಕ ಅಲ್ಲ. ಅಕ್ಕನಿಗೆ ‘ಓಪಾ’. ಚಾಲಕನನ್ನು ಅಕಾ ಎಂದು ಕರೆದರೆ ಅವನ ಮುಖ ಅರಳುತ್ತದೆ. ಅಂಗಡಿಯ ಹೆಂಗಸನ್ನು ಹಾಗೆ ಕರೆದರೆ ಅವಳು ಹಿಂದೆ ತಿರುಗಿ ಯಾರನ್ನೋ ಹುಡುಕುತ್ತಾಳೆ. ಧನ್ಯವಾದಕ್ಕೆ ‘ರಹ್ಮತ್’, ಬಲಗೈ ಎದೆಯ ಮೇಲೆ.

9. ಊಟ

ಮಾಂಸ ತಿನ್ನುವವರು ಈ ಭಾಗ ಬಿಡಬಹುದು. ಉಳಿದವರು ಗಮನವಿಟ್ಟು ಓದಿ.

‘ಮೆನ್ ಗೋಶ್ತ್ ಯೆಮಾಯ್‌ಮನ್’, ನಾನು ಮಾಂಸ ತಿನ್ನುವುದಿಲ್ಲ. ಇದನ್ನು ಬಾಯಿಪಾಠ ಮಾಡಿ. ಅಷ್ಟೇ ಹೇಳಿದರೆ ಕೋಳಿ ಬರಬಹುದು. ಗೋಶ್ತ್ ಎಂದಾಗ ಅವರ ಮನಸ್ಸಿಗೆ ಬರುವುದು ಕುರಿ ಮತ್ತು ದನ. ‘ತೊವುಕ್ ಹಮ್ ಯೆಮಾಯ್‌ಮನ್’ (ಕೋಳಿಯನ್ನೂ ತಿನ್ನುವುದಿಲ್ಲ) ಎಂದೂ ಸೇರಿಸಿ. ಹಿಂದಿ ಬಲ್ಲವರು ‘ಸಬ್ಜಿ’ ಎಂದು ಕೇಳಬೇಡಿ, ಅಲ್ಲಿ ಸಬ್ಜಿ ಎಂದರೆ ಕ್ಯಾರೆಟ್. ತರಕಾರಿಯೆಂದು ಕಾಣುವ ಸಾರು ಮಾಂಸದ ನೀರಿನಲ್ಲಿ ಬೆಂದಿರುತ್ತದೆ. ಅವರ ಹೆಮ್ಮೆಯ ‘ಓಶ್’ ಅಥವಾ ಪಲಾವಿನಿಂದ ಮಾಂಸದ ತುಂಡು ಎತ್ತಿ ತೆಗೆದು ಕೊಟ್ಟು ‘ಈಗ ಸರಿಯಾಯಿತು’ ಎನ್ನುತ್ತಾರೆ. ಅವರ ಮನಸ್ಸು ನೋಯದಂತೆ ಬೇಡ ಎನ್ನಬೇಕು.

ಧೈರ್ಯವಾಗಿ ತಿನ್ನಬಹುದಾದವು: ತಂದೂರಿನಲ್ಲಿ ಸುಟ್ಟ ‘ನೋನ್’ ರೊಟ್ಟಿ, ‘ಕತಿಕ್’ ಎಂಬ ಗಟ್ಟಿ ಮೊಸರು, ಟೊಮೆಟೊ ಈರುಳ್ಳಿಯ ‘ಅಚ್ಚಿಚುಕ್’, ಒಣಹಣ್ಣು, ಬಾದಾಮಿ. ಮೊಸರು, ರೊಟ್ಟಿ, ಚಟ್ನಿಪುಡಿಯಲ್ಲಿ ನಾನು ಹಲವು ರಾತ್ರಿ ಕಳೆದಿದ್ದೇನೆ. ತಾಷ್ಕೆಂಟ್ ಮತ್ತು ಸಮರ್ಕಂದದಲ್ಲಿ ಭಾರತೀಯ ಊಟದ ಮನೆಗಳಿವೆ; ಸಮರ್ಕಂದದಲ್ಲಿ ವೈದ್ಯಕೀಯ ಓದುವ ನಮ್ಮ ದೇಶದ ಮಕ್ಕಳು ಬಹಳ ಇದ್ದಾರೆ.

ರೊಟ್ಟಿಯನ್ನು ಬೋರಲು ಇಡಬಾರದು, ನೆಲದ ಮೇಲೆ ಇಡಬಾರದು. ಅದು ಅವರಿಗೆ ಅನ್ನದೇವರು. ಚಹ ಕೊಡುವಾಗ ಪಿಂಗಾಣಿಯ ಪುಟ್ಟ ಬಟ್ಟಲಿಗೆ ಅರ್ಧವಷ್ಟೇ ಸುರಿಯುತ್ತಾರೆ. ಬುಖಾರಾದಲ್ಲಿ ಮನೆಯೊಡತಿ ಮೊದಲು ಮೂರು ಬಾರಿ ಬಟ್ಟಲಿಗೆ ಸುರಿದು ಮೂರು ಬಾರಿ ಹೂಜಿಗೆ ಮರಳಿಸಿ, ನಾಲ್ಕನೆಯ ಬಾರಿ ತಳ ಮುಚ್ಚುವಷ್ಟು ಹಸಿರು ಚಹ ಹಾಕಿ, ಎಡಗೈಯನ್ನು ಎದೆಗಿಟ್ಟು ಬಲಗೈಯಲ್ಲಿ ಕೊಟ್ಟರು. ಕಡಿಮೆ ಸುರಿದಷ್ಟೂ ಗೌರವ ಹೆಚ್ಚು. ಮತ್ತೆ ಮತ್ತೆ ತುಂಬಿಸಲು, ನಿಮ್ಮನ್ನು ಕೂರಿಸಿಕೊಳ್ಳಲು ಅದು ನೆಪ.

ನಲ್ಲಿ ನೀರು ಕುಡಿಯಬೇಡಿ. ಬಾಟಲಿ ಕೊಳ್ಳುವಾಗ ‘ಗಾಜ್‌ಸಿಜ್’ ಎನ್ನಿ, ಇಲ್ಲವಾದರೆ ಸೋಡಾ ಸಿಗುತ್ತದೆ.

10. ಮರುಭೂಮಿ

ಕಿಜಿಲ್‌ಕುಮ್ ಎಂದರೆ ಕೆಂಪು ಮರಳು. ಅಮು ಮತ್ತು ಸಿರ್ ನದಿಗಳ ನಡುವೆ ಸುಮಾರು 3 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಇಲ್ಲಿ ಒಂದೇ ಕಟ್ಟುನಿಟ್ಟಿನ ಮಾತು: ಮರುಭೂಮಿಗೆ ಮಾತ್ರ ಒಬ್ಬರೇ ಹೋಗಬೇಡಿ. ವಸತಿಗೃಹದವರ ಮೂಲಕ ಚಾಲಕನನ್ನು ಗೊತ್ತು ಮಾಡಿ, ಅವನ ಕಾರಿನ ಸಂಖ್ಯೆಯ ಫೋಟೋ ಮನೆಗೆ ಕಳುಹಿಸಿ, ದರದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಊಟ, ಕಾಯುವ ಸಮಯ, ಮರಳುವ ದಾರಿ, ಮೂರನ್ನೂ.

ಬುಖಾರಾದಿಂದ ನುರಾತಾ ಊರಿನ ಮೂಲಕ ಐದಾರ್‌ಕುಲ್ ಸರೋವರದ ಕಡೆಗೆ ಹೋಗುವ ದಾರಿ ನನ್ನ ಆಯ್ಕೆ. ಅಲ್ಲಿ ‘ಯುರ್ಟ್’ಗಳಿವೆ, ಅಂದರೆ ಮರದ ಬಲೆಯ ಮೇಲೆ ಉಣ್ಣೆಯ ದಪ್ಪ ಕಂಬಳಿ ಹೊದಿಸಿದ ದುಂಡನೆಯ ಡೇರೆ. ನುರಾತಾದಲ್ಲಿ ಇಳಿದು ಅಲ್ಲಿನ ಪವಿತ್ರ ಚಿಲುಮೆಯನ್ನೂ, ಯಾರೂ ಹಿಡಿಯದ ಅದರ ಮೀನುಗಳನ್ನೂ ನೋಡಿ. ಆ ಕಡೆ ಗುಡ್ಡದೊಳಗಿನಿಂದ ನೀರನ್ನು ನೆಲದಡಿಯಲ್ಲೇ ಹರಿಸಿ ತರುವ ‘ಕೊರಿಜ್’ ಎಂಬ ಹಳೆಯ ಸುರಂಗಗಳಿದ್ದವು. ಬಾಯಾರಿನಲ್ಲೋ ಪೆರ್ಲದಲ್ಲೋ ಮನೆಯ ಹಿಂದಿನ ಗುಡ್ಡಕ್ಕೆ ಕೊರೆದ ಸುರಂಗದ ನೀರು ಕುಡಿದು ಬೆಳೆದವರಿಗೆ ಇದರ ಬೆಲೆ ಯಾವ ಮಾರ್ಗದರ್ಶಕನಿಗಿಂತ ಚೆನ್ನಾಗಿ ಗೊತ್ತು. ನಮ್ಮ ಹಿರಿಯರು ಮುರಕಲ್ಲಿನಲ್ಲಿ ಪಿಕಾಸಿ ಹಿಡಿದು ಬಗ್ಗಿ ಬಗ್ಗಿ ಮಾಡಿದ ಅದೇ ಕೆಲಸವನ್ನು ಮರಳುಗಾಡಿನ ಅಂಚಿನ ಜನರೂ ಮಾಡಿದ್ದರು ಎಂದು ತಿಳಿದಾಗ ನಾನು ಅಲ್ಲಿ ಬಹಳ ಹೊತ್ತು ನಿಂತೆ.

ಕರಾವಳಿಯವರಿಗೆ ಮರುಭೂಮಿಯ ದೊಡ್ಡ ಅಪಾಯ ಬೆವರು ಕಾಣದಿರುವುದು. ನಮ್ಮಲ್ಲಿ ಅಂಗಿ ಒದ್ದೆಯಾದರೆ ನೀರು ಕುಡಿಯಬೇಕೆಂದು ಮೈಯೇ ಹೇಳುತ್ತದೆ. ಅಲ್ಲಿ ಬೆವರು ಹೊರಬಂದ ಕ್ಷಣವೇ ಒಣಗುತ್ತದೆ, ಚರ್ಮ ತಂಪಾಗಿಯೇ ಇರುತ್ತದೆ. ಸಂಜೆ ಡೇರೆಯಲ್ಲಿ ಕುರ್ತಾ ಬಿಚ್ಚಿದಾಗ ಬೆನ್ನಿನ ಮೇಲೆ ಅಲೆಅಲೆಯಾಗಿ ಬಿಳಿ ಗೆರೆಗಳಿದ್ದವು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ನಾಲಿಗೆಗೆ ಮುಟ್ಟಿಸಿದೆ, ಉಪ್ಪು. ದಿನವಿಡೀ ‘ಬೆವರೇ ಇಲ್ಲ’ ಎಂದುಕೊಂಡಿದ್ದೆ. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ದಿನಕ್ಕೆ ಮೂರು ನಾಲ್ಕು ಲೀಟರ್ ಆಗಲಿ, ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿ. ಮೂತ್ರದ ಬಣ್ಣ ಗಾಢವಾದರೆ, ತಲೆನೋವು ಶುರುವಾದರೆ ನಡೆಯುವುದನ್ನು ನಿಲ್ಲಿಸಿ ನೆರಳಿಗೆ ಬನ್ನಿ.

ಡೇರೆಯಿಂದ ನಡೆದು ಹೋಗುವುದಾದರೆ ಡೇರೆ ಕಣ್ಣಿಗೆ ಕಾಣುವಷ್ಟೇ ದೂರ. ದಿಬ್ಬ ಇಳಿದ ಕೂಡಲೇ ಎಲ್ಲ ದಿಕ್ಕೂ ಒಂದೇ ಆಗುತ್ತದೆ, ಗಾಳಿ ಹೆಜ್ಜೆ ಗುರುತನ್ನು ಅಳಿಸುತ್ತದೆ. ಕತ್ತಲಾದ ಮೇಲೆ ಶೌಚಕ್ಕೆ ಹೋಗಲು ಟಾರ್ಚ್ ಬೇಕು. ಶೂ ಹಾಕುವ ಮುನ್ನ ಕೊಡವಿ, ಚೇಳು ಇರಬಹುದು. ರಾತ್ರಿ ಉಣ್ಣೆಯ ಅಂಗಿ ಏಕೆ ಹೇಳಿದೆ ಎಂದು ಆಗ ತಿಳಿಯುತ್ತದೆ.

11. ಹೆದರಿಕೆಯ ಬಗ್ಗೆ

ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೆ ನೇರ ಉತ್ತರ: ಆ ಮೂರೂ ಹಳೆಯ ನಗರಗಳಲ್ಲಿ ರಾತ್ರಿ ಒಂಬತ್ತರವರೆಗೆ ಒಬ್ಬಳೇ ನಡೆಯಲು ನನಗೆ ಅಳುಕಾಗಲಿಲ್ಲ. ಚೂಡಿದಾರ ಸಾಕು, ಯಾರೂ ದುರುಗುಟ್ಟಿ ನೋಡುವುದಿಲ್ಲ. ಗಂಡ ಎಲ್ಲಿ, ಮಕ್ಕಳು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದು ನಮ್ಮೂರಿನಂತೆಯೇ ಮಾತಿಗೆ ಪೀಠಿಕೆ, ಅನುಮಾನ ಪಡಬೇಕಾಗಿಲ್ಲ. ಆದರೂ ಯಾವ ಕೋಣೆಯಲ್ಲಿದ್ದೇನೆ, ನಾಳೆ ಎಲ್ಲಿಗೆ ಎಂದು ಅಪರಿಚಿತರಿಗೆ ಹೇಳಬೇಡಿ. ಹಂಚಿಕೊಳ್ಳುವ ಟ್ಯಾಕ್ಸಿಯಲ್ಲಿ ಇನ್ನೊಬ್ಬ ಹೆಂಗಸು ಇರುವ ಕಾರನ್ನೇ ಆರಿಸಿ, ಒಂದು ಸೀಟಿನ ದರವೇ ಇಡೀ ಕಾರಿನದ್ದೇ ಎಂದು ಮೊದಲೇ ಕೇಳಿ.

ಪೊಲೀಸ್ 102, ಆ್ಯಂಬುಲೆನ್ಸ್ 103, ಅಗ್ನಿಶಾಮಕ 101. ತಾಷ್ಕೆಂಟಿನ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆಯನ್ನು ಅದರ ಜಾಲತಾಣದಿಂದ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೊಬೈಲ್ ಕಳೆದುಹೋದಾಗಲೇ ಅದು ಬೇಕಾಗುವುದು. ಪ್ರತಿ ಸಂಜೆ ಗೊತ್ತಾದ ಹೊತ್ತಿಗೆ ಮನೆಗೆ ಒಂದು ಸಂದೇಶ ಹೋಗಲಿ. ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಮನೆಯವರೊಂದಿಗೆ ಮಾತಾಡಿಕೊಂಡೇ ಹೊರಡಿ. ನನ್ನ ಅಮ್ಮನ ಮನಸ್ಸು ಒಪ್ಪಿದ್ದು ಈ ಒಂದು ಏರ್ಪಾಡಿನಿಂದ.

12. ಮರಳುವಾಗ

ನೋಂದಣಿಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಪಾಸ್‌ಪೋರ್ಟಿನೊಳಗಿಡಿ. ಉಳಿದ ಸೋಮ್ ಅನ್ನು ಅಲ್ಲೇ ಬದಲಾಯಿಸಿ, ನಮ್ಮೂರಿನಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಕಸೂತಿ ಬಟ್ಟೆ, ಪಿಂಗಾಣಿ, ತಾಮ್ರದ ಪಾತ್ರೆ ಕೊಂಡಿದ್ದರೆ ಅಂಗಡಿಯ ರಸೀದಿ ಇರಲಿ. ಐವತ್ತು ವರ್ಷಕ್ಕಿಂತ ಹಳೆಯ ವಸ್ತುವನ್ನು ಅನುಮತಿಯಿಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ. ‘ಇದು ನೂರು ವರ್ಷದ್ದು’ ಎಂದು ಹೊಗಳಿ ಮಾರುವವರಿಂದ ದೂರವಿರಿ.

ಮನೆಗೆ ಏನಾದರೂ ತರಬೇಕೆಂದಿದ್ದರೆ ಸಮರ್ಕಂದದ ನೋನ್ ತನ್ನಿ. ಗಟ್ಟಿ, ಭಾರ, ಮೇಲ್ಮೈ ಹೊಳೆಯುವ ಈ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ರೈಲು ಹತ್ತುವ ಬೆಳಗ್ಗೆ ಸಿಯೋಬ್ ಬಜಾರಿನಲ್ಲಿ ಕೊಂಡು, ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ, ತೊಳೆದು ಒಣಗಿಸಿದ ಬೈರಾಸಿನಲ್ಲಿ ಸುತ್ತಿ ಕೈಚೀಲದಲ್ಲಿಡಿ. ಊರಿಗೆ ಬಂದ ಮೇಲೆ ಎರಡೂ ಬದಿಗೆ ನೀರು ಚಿಮುಕಿಸಿ ಕಾವಲಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.